ಹೊಳೆಗೆ ಬಿಡದ ಮುಖಪುಟ

ಗಂಗಕ್ಕ, ನಿಮ್ಮ ಮಗಳ ಪಟವನ್ನು ನಾನು ಹೊಳೆಗೆ ಬಿಡಲಿಲ್ಲ. ಬಿಟ್ಟೆ ಎಂದು ನಿಮ್ಮ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ. ನೀವು ತೀರಿಕೊಂಡ ಮೇಲೆ ಹೇಳುತ್ತಿದ್ದೇನೆ — ಹೇಡಿ ನಾನು.

ಆಗಿನ್ನೂ ಎಪ್ಪತ್ತರ ದಶಕ. ಹೊನ್ನಾಳಿಯಲ್ಲಿ ನಿಮ್ಮ ಪಕ್ಕದ ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದೆ. ಹಳೆಯ ವಾರಪತ್ರಿಕೆಗಳ ಮುಖಪುಟದ ಹೆಂಗಸರನ್ನು ನೋಡಿಯೇ ತೋಳು, ಕೊರಳಿನ ಮಾದರಿ ಕಲಿತವಳು. ಬರಬರುತ್ತಾ ಮಾದರಿ ಬರೀ ನೆಪವಾಯಿತು, ಚಿತ್ರಗಳದೇ ಹುಚ್ಚು ಹಿಡಿಯಿತು. ರದ್ದಿ ಅಂಗಡಿಯಲ್ಲಿ ಆರಿಸಿ ತಂದು ಟ್ರಂಕು ತುಂಬಿಸಿದೆ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ" ಎಂದು ನಮ್ಮ ಮನೆಯವರು ಚುಚ್ಚುತ್ತಿದ್ದರು.

ನನಗೆ ಎಲ್ಲೂ ಸಿಗದಿದ್ದದ್ದು ಒಂದೇ — ದೀಪ ಹಿಡಿದ ಹುಡುಗಿಯಿದ್ದ ಒಂದು ದೀಪಾವಳಿ ಸಂಚಿಕೆ. ಅದರ ಮುಖಪುಟ ನಿಮ್ಮ ದೇವರ ಗೂಡಿನಲ್ಲಿತ್ತು. ಜ್ವರದಲ್ಲಿ ಹೋದ ಮಗಳದ್ದು ಒಂದು ಫೋಟೋನೂ ಇರಲಿಲ್ಲ. ಆ ಹುಡುಗಿ ಥೇಟ್ ಅವಳೇ ಎಂದು ಕಟ್ಟು ಹಾಕಿಸಿ, ದಿನಾ ಗಾಜಿನ ಮೇಲೆ ಕುಂಕುಮ ಇಡುತ್ತಿದ್ದಿರಿ.

ಒಂದು ದಿನ ಗಾಜು ಒಡೆಯಿತು. ಒಡೆದ ಪಟ ಮನೆಯಲ್ಲಿರಬಾರದು, ಹೊಳೆಗೆ ಬಿಡಬೇಕು — ನಮ್ಮ ಕಡೆ ಎಲ್ಲರೂ ಹೇಳುವ ಮಾತು. ಬೇರೆ ಗಾಜು ಹಾಕಿಸಿ ಎನ್ನಬಹುದಿತ್ತು. ಅದರ ಬದಲು —

"ಹೆತ್ತೋರು ಬಿಡಬಾರದಂತೆ ಗಂಗಕ್ಕ, ಕೊಡ್ರಿ, ನಾನೇ ಬಿಟ್ಟು ಬರ್ತೀನಿ" ಎಂದೆ.

ನೀವು ಅದರ ಕೆನ್ನೆ ಸವರಿ ಕೊಟ್ಟಿರಿ. ಹೊಳೆಯ ತನಕ ಹೋದದ್ದು ನಿಜ. ಕಟ್ಟನ್ನೂ ಗಾಜನ್ನೂ ನೀರಿಗೆ ಎಸೆದು, ಮುಖಪುಟವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದೆ.

ವಾರ ಕಳೆದಿರಲಿಲ್ಲ, ನೀವು ನಮ್ಮ ಹೊಸ್ತಿಲಲ್ಲಿ ನಿಂತಿರಿ. "ಕೂಸು ಕನಸಿಗೆ ಬರ್ತೈತೆ ನೀಲಾ. ನೀರಿಗೆ ಬಿಟ್ಟಿದ್ದು ನೆನೆದಿರಬೇಕಲ್ಲ? ಮೈಯೆಲ್ಲ ಒಣಗೈತೆ. ಕತ್ತಲೆ ಐತೆ ಅವ್ವಾ ಅಂತೈತೆ. ಹತ್ರ ಹೋದ್ರೆ ನುಸಿಗುಳಿಗೆ ವಾಸನೆ. ಬಿಟ್ಟೆ ತಾನೆ ನೀನು?"

ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿದ್ದು ನನಗೊಬ್ಬಳಿಗೇ ಗೊತ್ತಿತ್ತು. "ಬಿಟ್ಟೆ" ಎಂದೆ.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ನೀವು ಹೋದದ್ದೇ ಟ್ರಂಕು ತೆರೆದೆ. ಎಲ್ಲಕ್ಕಿಂತ ಅಡಿಯಲ್ಲಿ ಇಟ್ಟಿದ್ದ ಹುಡುಗಿ ಮೇಲೆಯೇ ಇದ್ದಳು. ನಾನೇ ಎಂದೋ ತೆಗೆದು ನೋಡಿ ಹಾಗೇ ಬಿಟ್ಟಿರಬೇಕು ಅಂದುಕೊಂಡೆ. ಆದರೆ ಆ ಹಣೆ — ನೀವು ಕುಂಕುಮ ಇಡುತ್ತಿದ್ದದ್ದು ಗಾಜಿಗಲ್ಲವೇ? ಕಾಗದದ ಹಣೆಯಲ್ಲಿ ಕೆಂಪು ಹೇಗೆ — ಇವತ್ತಿಗೂ ತಿಳಿದಿಲ್ಲ. ಆದರೂ ಹಿಂದಿರುಗಿಸಲಿಲ್ಲ.

ಎಷ್ಟೋ ವರ್ಷದ ಮೇಲೆ, ನೀವು ಹಾಸಿಗೆ ಹಿಡಿದಾಗ, ನನ್ನ ಕೈ ಹಿಡಿದು ಕೇಳಿದಿರಿ. "ನಿಜ ಹೇಳು, ನಾನೇನೂ ಬೈಯಲ್ಲ. ಬಿಟ್ಟಿಲ್ಲ ಅಂದ್ರೆ ಒಳ್ಳೇದೇ ಆತು. ಅದರ ಮುಖ ಮರೆತು ಹೋಗ್ತೈತೆ ಕಣೆ. ಒಂದ್ಸಲ ತೋರ್ಸು."

ಟ್ರಂಕು ಗೋಡೆಯ ಆಚೆಗೇ ಇತ್ತು. ಎದ್ದು ಹೋಗಿ ತರಬಹುದಿತ್ತು. ಆದರೆ ತೋರಿಸಿದರೆ ಕೊಡಬೇಕಾಗುತ್ತಿತ್ತು.

"ಬಿಟ್ಟೆ ಗಂಗಕ್ಕ" ಎಂದೆ.

ನೀವು ನನ್ನ ಕೈ ಬಿಟ್ಟು, ಆ ಗೋಡೆಯ ಕಡೆಗೆ ಹೊರಳಿ ಮಲಗಿದಿರಿ.