ಮಹಾದೇವಪ್ಪನವರು ಮರೆತಿರಲಿಲ್ಲ

ಮಹಾದೇವಪ್ಪನವರಿಗೆ ಮರೆವಿನ ಕಾಯಿಲೆ ಇರಲಿಲ್ಲ. ಅವರು ಮಾಡಿದ ಕೆಲಸವನ್ನು ಅಳಿಸುತ್ತಿದ್ದವನು ನಾನು — ಮೊದಮೊದಲು ಗೊತ್ತಿಲ್ಲದೆ, ಆಮೇಲೆ ಗೊತ್ತಿದ್ದೂ. ಗೊತ್ತಾದ ಮೇಲೂ ಅವರ ತಲೆಗೇ ಏನೋ ಆಗಿದೆ ಎಂದು ಆಫೀಸಿನವರು ನಂಬಲು ಬಿಟ್ಟೆ. ಅಷ್ಟಕ್ಕೇ ನಿಲ್ಲಿಸಿದ್ದರೆ... ಇಲ್ಲ, ಅವರೂ ಅದನ್ನೇ ನಂಬುವಂತೆ ಮಾಡಿದೆ.

ಏಳು ವರ್ಷದ ಹಿಂದಿನ ಮಾತು. ನಾನು ಗದಗಿನ ಕಡೆಯವನು, ಹೆಸರು ಪ್ರಕಾಶ. ಆಗ ಪುಣೆಯ ಹಡಪಸರದ ಒಂದು ಕಂಪನಿಯಲ್ಲಿ ನೆಟ್‌ವರ್ಕ್ ಕೆಲಸದಲ್ಲಿದ್ದೆ. ಊರ ತುಂಬ ಹರಡಿದ್ದ ಗಿರಾಕಿಗಳ ಕಚೇರಿಗಳಲ್ಲಿ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ನೂರಾರು ಸ್ವಿಚ್ಚು, ರೂಟರುಗಳಿದ್ದವು. ಅವನ್ನು ನಾವು ಕೂತಲ್ಲಿಂದಲೇ ನೋಡಿಕೊಳ್ಳುತ್ತಿದ್ದೆವು. ಪ್ರತಿ ಯಂತ್ರಕ್ಕೂ ನಮ್ಮ ಸಾಫ್ಟ್‌ವೇರಿನಲ್ಲಿ ಒಂದೊಂದು ದಾಖಲೆ. ಅದರಲ್ಲಿ ಏನು ಬರೆದಿದೆಯೋ ಯಂತ್ರ ಹಾಗೆ ನಡೆಯುತ್ತದೆ. ಮಹಾದೇವಪ್ಪನವರು ವಿಜಯಪುರದವರು, ಐವತ್ತೈದು ದಾಟಿದ್ದರು. ಒಂದೊಂದು ಯಂತ್ರದ ಮುಂದೆಯೂ ಕೂತು ಸಾಲು ಸಾಲಾಗಿ ಟೈಪು ಮಾಡಿ ಬೆಳೆದವರು. ಈ ಹೊಸ ಪದ್ಧತಿಯನ್ನು ನನ್ನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ನಾಚಿಕೆಪಡದೆ ಕೇಳಿ ಕೇಳಿ ಕಲಿತರು.

ನನಗೆ ಅವರ ಮೇಲೆ ಅನುಮಾನವಿತ್ತು. ಏಕೆಂದು ಈಗ ಕೇಳಿಕೊಂಡರೆ ಸರಿಯಾದ ಕಾರಣವೇ ಸಿಗುವುದಿಲ್ಲ. ವಾರಕ್ಕೊಮ್ಮೆ ಮ್ಯಾನೇಜರು ಅವರನ್ನು ಕ್ಯಾಬಿನ್ನಿಗೆ ಕರೆಯುತ್ತಿದ್ದರು. ಗಾಜಿನ ಆಚೆ ಇಬ್ಬರೂ ಮರಾಠಿಯಲ್ಲಿ ಏನೋ ಮಾತಾಡುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಒಮ್ಮೆ ಇಬ್ಬರೂ ನನ್ನ ಕಡೆ ತಿರುಗಿ ನೋಡಿದರು. ಕಲಿಯುವ ನೆಪದಲ್ಲಿ ಕೂತು ನನ್ನ ತಪ್ಪುಗಳನ್ನು ಎಣಿಸಿ ಒಳಗೆ ಒಪ್ಪಿಸುತ್ತಿದ್ದಾರೆ ಎಂದು ಅಂದೇ ತೀರ್ಮಾನಿಸಿಬಿಟ್ಟೆ. ಅವರು ಒಳಗೆ ಏನು ಮಾತಾಡುತ್ತಿದ್ದರೋ ನನಗೆ ಇಂದಿಗೂ ಗೊತ್ತಿಲ್ಲ.

ಇನ್ನು ನಾನು ಮಾಡಿದ್ದನ್ನು ಹೇಳಬೇಕು. ಒಂದೇ ದಾಖಲೆಯನ್ನು ಇಬ್ಬರು ಒಟ್ಟಿಗೆ ತೆರೆದು ತಿದ್ದಿದರೆ ಒಬ್ಬರದು ಇನ್ನೊಬ್ಬರದನ್ನು ನುಂಗಬಾರದು ಎಂದು ಸಾಫ್ಟ್‌ವೇರಿನಲ್ಲಿ ಒಂದು ಕಾವಲಿತ್ತು. ಪ್ರತಿ ದಾಖಲೆಗೂ ಒಂದು ಸಂಖ್ಯೆ. ಯಾರು ತಿದ್ದಿ ಉಳಿಸಿದರೂ ಅದು ಒಂದು ಏರುತ್ತದೆ. ನಾವು ತೆರೆದಾಗಿನ ಸಂಖ್ಯೆಯೇ ಉಳಿಸುವಾಗಲೂ ಇರಬೇಕು. ಇಲ್ಲವಾದರೆ ತಡೆಯುತ್ತದೆ — ನಡುವೆ ಬೇರೆಯವರು ಬದಲಿಸಿದ್ದಾರೆ, ಮತ್ತೊಮ್ಮೆ ಓದಿ, ಆಮೇಲೆ ಉಳಿಸಿ ಎನ್ನುತ್ತದೆ.

ನೂರಾರು ದಾಖಲೆಗಳನ್ನು ಒಮ್ಮೆಗೇ ತಿದ್ದುವ ಪುಟ್ಟ ಪ್ರೋಗ್ರಾಮೊಂದನ್ನು ನಾನು ಬರೆದಿದ್ದೆ. ಅದು ಬೆಳಿಗ್ಗೆ ಎಲ್ಲವನ್ನೂ ಓದಿಕೊಳ್ಳುತ್ತಿತ್ತು. ಮ್ಯಾನೇಜರರ ಒಪ್ಪಿಗೆ ಬಂದ ಮೇಲೆ, ಮಧ್ಯಾಹ್ನ, ತಿದ್ದಿದ್ದನ್ನು ಉಳಿಸುತ್ತಿತ್ತು. ಆ ನಾಲ್ಕೈದು ಗಂಟೆಗಳಲ್ಲಿ ಬೇರೆಯವರು ಕೈಯಾಡಿಸಿದ ದಾಖಲೆಗಳೆಲ್ಲ ತಡೆದು ನಿಲ್ಲುತ್ತಿದ್ದವು. ಒಂದೊಂದನ್ನೇ ತೆರೆದು, ಅವರದೇನು ನನ್ನದೇನು ಎಂದು ನೋಡಿ ಸೇರಿಸಬೇಕು. ನನಗೆ ಬೇಸರ ಬಂತು. ಬೇಗ ಮುಗಿಸುತ್ತಾನೆ ಎಂದು ಹೆಸರು ಬೇರೆ ಬಂದಿತ್ತು. ಒಂದು ದಿನ ಆ ಕಾವಲನ್ನೇ ದಾಟಿಹೋಗುವಂತೆ ಪ್ರೋಗ್ರಾಮಿನಲ್ಲಿ ಒಂದು ಪದ ಸೇರಿಸಿದೆ. ಒಂದೇ ಪದ. ಯಾರಿಗೂ ಹೇಳಲಿಲ್ಲ.

ಅಂದಿನಿಂದ ಮಹಾದೇವಪ್ಪನವರ ಕೆಲಸ ಮಾಯವಾಗತೊಡಗಿತು. ಬೆಳಗಿನ ಹೊತ್ತು ತಿದ್ದುತ್ತಿದ್ದವರು ಹೆಚ್ಚಾಗಿ ಅವರೊಬ್ಬರೇ. ಮಧ್ಯಾಹ್ನ ನನ್ನ ಪ್ರೋಗ್ರಾಮು ಬೆಳಿಗ್ಗೆ ಓದಿಟ್ಟುಕೊಂಡ ಹಳೆಯ ಪ್ರತಿಯನ್ನೇ ಅದರ ಮೇಲೆ ಉಳಿಸುತ್ತಿತ್ತು. ಅವರು ನೋಡಿದರೆ ಎಲ್ಲ ಮೊದಲಿನಂತೆ. ಒಂದೆರಡು ಸಲ ತಾವೇ ನಕ್ಕು ಮತ್ತೆ ಮಾಡಿದರು. ಆಮೇಲೆ ನಗಲಿಲ್ಲ. ಒಂದು ನೋಟುಬುಕ್ಕು ತಂದು, ಮಾಡಿದ್ದನ್ನೆಲ್ಲ ಗಂಟೆ ನಿಮಿಷ ಸಹಿತ ಬರೆದಿಡತೊಡಗಿದರು. ನಾನು ಅದನ್ನು ಕಂಡು — ನನ್ನನ್ನು ಸಿಕ್ಕಿಸಲು ಸಾಕ್ಷಿ ಕೂಡಿಸುತ್ತಿದ್ದಾರೆ ಎಂದುಕೊಂಡೆ. ಅವರು ಪರೀಕ್ಷಿಸಿಕೊಳ್ಳುತ್ತಿದ್ದುದು ತಮ್ಮನ್ನೇ.

ಯಾರು ಯಾವಾಗ ಏನು ತಿದ್ದಿದರು ಎಂಬ ಲಾಗ್ ಬೇರೆ ಕಡೆ ಇರುತ್ತಿತ್ತು. ಅದನ್ನು ತೆರೆಯುವ ಅಧಿಕಾರ ನಮ್ಮ ತಂಡದಲ್ಲಿ ನನಗೆ ಮಾತ್ರ. ಒಂದು ಮಧ್ಯಾಹ್ನ ತೆರೆದೆ. ಅವರ ಹೆಸರು, ಹನ್ನೊಂದು ಗಂಟೆ, ಅವರು ಮಾಡಿದ ಬದಲಾವಣೆ, ಎಲ್ಲ ಇತ್ತು. ಅದರ ಕೆಳಗೆ ನನ್ನ ಪ್ರೋಗ್ರಾಮು ಅದನ್ನು ಒರೆಸಿಹಾಕಿದ್ದೂ ಇತ್ತು. ನೋಡಿ ಮುಚ್ಚಿದೆ. ಆ ಲಾಗು ತಿಂಗಳಾದ ಮೇಲೆ ತಾನಾಗಿ ಅಳಿದುಹೋಗುತ್ತದೆಂದು ನನಗೆ ಗೊತ್ತಿತ್ತು. ಕಾದೆ.

ಅಷ್ಟರಲ್ಲಿ ವಿಮಾನ ನಗರ ಬಡಾವಣೆಯ ಒಂದು ರಕ್ತಪರೀಕ್ಷೆಯ ಲ್ಯಾಬಿಗೆ ಅರ್ಧ ದಿನ ನೆಟ್‌ವರ್ಕ್ ಇಲ್ಲದಂತಾಯಿತು. ಬೆಳಿಗ್ಗೆ ಮಹಾದೇವಪ್ಪನವರು ಸರಿಪಡಿಸಿದ್ದನ್ನು ಮಧ್ಯಾಹ್ನ ನನ್ನ ಪ್ರೋಗ್ರಾಮು ಹಿಂದಕ್ಕೆ ತಿರುಗಿಸಿತ್ತು. ರೋಗಿಗಳು ರಿಪೋರ್ಟಿಗಾಗಿ ಸಂಜೆಯವರೆಗೆ ಕಾದರು. ಮೀಟಿಂಗಿನಲ್ಲಿ ಮಹಾದೇವಪ್ಪನವರು ನೋಟುಬುಕ್ಕು ತೆರೆದು ತೋರಿಸಿದರು. ಮ್ಯಾನೇಜರು ನನ್ನ ಮುಖ ನೋಡಿದರು. ಬರೆದಿಟ್ಟರೆ ಮಾಡಿದಂತಲ್ಲ ಸರ್, ಮಾಡಬೇಕೆಂದುಕೊಂಡಿದ್ದನ್ನೂ ಬರೆದಿರಬಹುದು ಎಂದು ನಾನು ಹಿಂದಿಯಲ್ಲಿ ಹೇಳಿದೆ. ಮಹಾದೇವಪ್ಪನವರು ನೋಟುಬುಕ್ಕನ್ನು ಮೆಲ್ಲನೆ ಮುಚ್ಚಿದರು.

ಆ ಸಂಜೆ ಲಿಫ್ಟಿನ ಹತ್ತಿರ ನನಗಾಗಿ ಕಾದು ನಿಂತಿದ್ದರು.

“ತಮ್ಮಾ, ನಾ ಅದನ್ನ ಮಾಡಿದ್ದೆ. ಮಾಡಿದ್ದು ಕಣ್ಣಿಗೆ ಕಟ್ಟಿದಂಗ ಅದ. ಆದ್ರ ಹೋಗಿ ನೋಡಿದ್ರ ಅಲ್ಲಿ ಇಲ್ಲ. ನನ್ನ ತಲಿಗೇನರ ಆಗ್ಯದೇನು?”

ಆಗಲೇ ಹೇಳಬಹುದಿತ್ತು. ಬಾಯಿಗೆ ಬಂದಿತ್ತು ಕೂಡ. ಆದರೆ — ಇವರು ಎಲ್ಲ ತಿಳಿದೇ ನನ್ನ ಬಾಯಿ ಬಿಡಿಸಲು ಹೀಗೆ ಕೇಳುತ್ತಿದ್ದರೆ? ಆ ಅನುಮಾನ ಒಂದು ಕ್ಷಣ ಬಂತು. ಆ ಕ್ಷಣದಲ್ಲಿ ನಾನು ಅಂದದ್ದು ಇದು:

“ಒಮ್ಮೆ ಡಾಕ್ಟರ್‌ಗೆ ತೋರಸ್ರಿ ಸರ. ಈ ವಯಸ್ಸಿನಾಗ ಹಂಗ ಆಗ್ತದ.”

ಅವರು ತಲೆಯಾಡಿಸಿದರು. ತೋರಿಸಿಕೊಂಡರು. ಏನೂ ಇಲ್ಲ ಎಂದು ಡಾಕ್ಟರು ಹೇಳಿದ್ದನ್ನು ಯಾರೂ ನಂಬಲಿಲ್ಲ, ಅವರೂ ನಂಬಲಿಲ್ಲ. ಎರಡು ತಿಂಗಳಲ್ಲಿ ಕೆಲಸ ಬಿಟ್ಟರು. ಅವರು ಹೋದ ಮಾರನೆಯ ದಿನವೇ ನಾನು ಪ್ರೋಗ್ರಾಮಿನಿಂದ ಆ ಪದವನ್ನು ತೆಗೆದುಹಾಕಿದೆ. ಮುಂದೆ ಬೇರೆ ಕಂಪನಿಗೆ ಹೋದೆ. ಎಲ್ಲಿ ಹೋದರೂ ನನ್ನ ಬೆನ್ನ ಹಿಂದೆ ಯಾರಾದರೂ ನಿಂತರೆ ಪರದೆ ಮುಚ್ಚುವ ಚಾಳಿ ಅಂಟಿಕೊಂಡಿತು.

ಕಳೆದ ತಿಂಗಳು ಪುಣೆಯ ಕ್ಯಾಂಪ್ ಪೇಟೆಯಲ್ಲಿ, ಬೇಕರಿಯೊಂದರ ಹೊರಗೆ ಮಹಾದೇವಪ್ಪನವರು ನಿಂತಿದ್ದರು. ಹೆಂಡತಿ ನೀಲಮ್ಮನವರು ಒಳಗಿದ್ದರಂತೆ. ಇಲ್ಲೇ ನಿಲ್ಲಿ, ಎಲ್ಲೂ ಹೋಗಬೇಡಿ ಎಂದು ಹೇಳಿ ಹೋಗಿದ್ದರಂತೆ. ಚಿಕ್ಕ ಮಕ್ಕಳು ನಿಲ್ಲುವ ಹಾಗೆ ಗೋಡೆಗೆ ಒರಗಿ ನಿಂತಿದ್ದರು. ನನ್ನನ್ನು ಕಂಡವರೇ ಹೆಸರು ಹಿಡಿದು ಕರೆದರು. ಗದಗಿನಲ್ಲಿ ತಾಯಿ ಹೇಗಿದ್ದಾರೆ, ಮೊಣಕಾಲು ನೋವು ಕಡಿಮೆಯಾಯಿತೇ ಎಂದು ಕೇಳಿದರು. ಆ ಲ್ಯಾಬಿನ ಸ್ವಿಚ್ಚು ಯಾವ ಮಹಡಿಯಲ್ಲಿತ್ತು, ಅದರಲ್ಲಿ ತಂತಿ ಸಿಕ್ಕಿಸುವ ಎಷ್ಟನೆಯ ಪೋರ್ಟನ್ನು ತಾವು ಬದಲಿಸಿದ್ದರು, ಎಲ್ಲವನ್ನೂ ತಡವರಿಸದೆ ಹೇಳಿದರು. ಆಗಲೂ ನನಗೆ ಮೊದಲು ಬಂದದ್ದು ಅನುಮಾನವೇ. ಇವರಿಗೆ ಗೊತ್ತಾಗಿದೆ, ಕೆಣಕುತ್ತಿದ್ದಾರೆ... ಅಷ್ಟರಲ್ಲಿ ನೀಲಮ್ಮ ಬಂದು ಅವರ ಕೈ ಹಿಡಿದುಕೊಂಡರು. ರಸ್ತೆ ದಾಟುವಾಗಲೂ ಬಿಡಲಿಲ್ಲ.

ನಾಲ್ಕು ದಿನ ಬಿಟ್ಟು ಅವರ ಮನೆಗೆ ಹೋದೆ. ಎಲ್ಲ ಹೇಳಿದೆ, ಲಾಗ್ ನೋಡಿ ಮುಚ್ಚಿದ್ದನ್ನೂ. ನೀಲಮ್ಮ ಎದ್ದು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ. ಮಹಾದೇವಪ್ಪನವರು ತಮ್ಮ ಅಂಗೈಗಳನ್ನು ನೋಡಿಕೊಂಡರು. ಬೈಯುತ್ತಾರೆಂದು ಕಾದೆ, ಬೈದಿದ್ದರೆ...

“ಹಂಗಾದ್ರ ನಾ ಮಾಡಿದ್ದೆ,” ಅಂದರು.

ಹೌದು ಸರ, ನೀವು ಮಾಡಿದ್ದಿರಿ ಎಂದೆ. ಮತ್ತೊಮ್ಮೆ ಹೇಳಲು ಹೇಳಿದರು. ಹೇಳಿದೆ. ಕೊನೆಗೆ ಒಂದೇ ಒಂದು ಮಾತು ಕೇಳಿದರು: “ಇದನ್ನ ಸವಿತಾಗ ಹೇಳು. ನಾ ಹೇಳಿದ್ರ ನಂಬಂಗಿಲ್ಲ ಆಕಿ. ಮೊಮ್ಮಗಳನ್ನ ನನ್ನ ಕೂಡ ಒಬ್ಬಾಕಿನ್ನ ಬಿಡಂಗಿಲ್ಲ.”

ಸವಿತಾ ಅವರ ಮಗಳು. ಇರುವುದು ಹಡಪಸರದಲ್ಲೇ. ಬಾಗಿಲಲ್ಲಿ ನಿಂತೇ ನನ್ನ ಮಾತು ಕೇಳಿದಳು. ಅಪ್ಪನೇ ಹೇಳಿ ಕಳಿಸಿದರೇ ಎಂದು ಕೇಳಿದಳು. ಹೌದು ಎನ್ನಬೇಕಾಯಿತು. ಆ ಲಾಗ್ ತೋರಿಸಿ ಎಂದಳು. ಅದು ಎಂದೋ ಅಳಿದುಹೋಗಿದೆ ಎಂದೆ.

“ಅವಾಗ ಸುಳ್ಳು ಹೇಳಿದ್ರೋ, ಈಗ ಹೇಳ್ಲಿಕ್ಕತ್ತೀರೋ, ನನಗ ಹೆಂಗ ತಿಳೀಬೇಕು?” ಎಂದು ಕೇಳಿ, ಸದ್ದಿಲ್ಲದೆ ಬಾಗಿಲು ಮುಚ್ಚಿದಳು. ಒಳಗಿನಿಂದ ಮಗುವೊಂದು ಯಾರು ಬಂದಿದ್ದು ಎಂದು ಮರಾಠಿಯಲ್ಲಿ ಕೇಳುತ್ತಿತ್ತು.

ಅವಳ ಅನುಮಾನ ತಪ್ಪೆನ್ನಲು ನನಗೆ ಯಾವ ಹಕ್ಕೂ ಇಲ್ಲ. ಅಂದಿನ ಮ್ಯಾನೇಜರಿಗೆ, ಆ ಮೀಟಿಂಗಿನಲ್ಲಿ ಕೂತಿದ್ದ ಪ್ರತಿಯೊಬ್ಬರಿಗೂ ನಡೆದದ್ದನ್ನು ಬರೆದು ಕಳಿಸಿದ್ದೇನೆ. ಇದುವರೆಗೆ ಯಾರೂ ಉತ್ತರಿಸಿಲ್ಲ. ಅವರು ಏನು ಬರೆದರೂ ಅದನ್ನು ಸವಿತಾಳಿಗೆ ತೋರಿಸುತ್ತೇನೆ. ಬರೆಯದಿದ್ದರೂ ಭಾನುವಾರ ಮತ್ತೆ ಅವಳ ಮನೆಗೆ ಹೋಗುತ್ತೇನೆ. ಅವಳು ಬಾಗಿಲು ತೆಗೆದರೆ ಮೊದಲಿನಿಂದ ಹೇಳುತ್ತೇನೆ. ತೆಗೆಯದಿದ್ದರೆ, ಅದರ ಮುಂದಿನ ಭಾನುವಾರ.