ಕಡಲೆಕಾಯಿಗೆ ಎದ್ದು ಹೋದವನು

ಮನಸ್ಸಿಗೆ ಹಿಡಿಸಿದ ಹುಡುಗ ಮೈದಾನಕ್ಕೆ ಇಳಿದನೆಂದರೆ ವರ್ನನ್ ಟ್ಯಾಕೆಟ್ ಆಕಾಶ ನೋಡುತ್ತಿದ್ದ, ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟುತ್ತಿದ್ದ, ಪಕ್ಕದವನ ಜೊತೆ ಮೀನು ಹಿಡಿಯುವ ಮಾತು ತೆಗೆಯುತ್ತಿದ್ದ. ಬೇಡವಾದ ಹುಡುಗನನ್ನು ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಅವನ ಕಸುಬೇ ಅಂಥದ್ದು.

ಉತ್ತರದ ಕಡೆ, ಹಿಮ ಬೀಳುವ ಊರಿನ ಒಂದು ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ, ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಆಟದ ತಂಡಕ್ಕೆ, ಅವನು ಸ್ಕೌಟ್. ಕಾಲೇಜಿನಲ್ಲಿ ಆಡುವ ಹುಡುಗರಲ್ಲಿ ಯಾರು ದೊಡ್ಡ ತಂಡಕ್ಕೆ ಆಗಿಬರುತ್ತಾರೆ ಎಂದು ಊರೂರು ಸುತ್ತಿ ನೋಡಿಕೊಂಡು ಬರಬೇಕು. ದಕ್ಷಿಣದ ಅಲಬಾಮ, ಮಿಸಿಸಿಪ್ಪಿ, ಲೂಸಿಯಾನ ರಾಜ್ಯಗಳು ಅವನ ಪಾಲಿಗೆ ಬಂದಿದ್ದವು. ಏಪ್ರಿಲ್ ಕೊನೆಗೆ ಡ್ರಾಫ್ಟ್. ತಂಡಗಳು ಒಂದರ ಹಿಂದೊಂದು ತಮ್ಮ ಸರದಿಯಲ್ಲಿ ಬೇಕಾದವನ ಹೆಸರು ಹೇಳುತ್ತವೆ. ಮೊದಲು ಹೇಳಿದವರಿಗೆ ಹುಡುಗ. ಹಾಗಾಗಿ ಯಾರ ಮೇಲೆ ಯಾರ ಕಣ್ಣು ಎಂಬುದು ಕೊನೆಯ ಗಳಿಗೆಯವರೆಗೂ ಗುಟ್ಟು. ಹುಡುಗನಿಗೂ ತಿಳಿಯಬಾರದು, ತಿಳಿದರೆ ಊರಿಗೇ ತಿಳಿಯುತ್ತದೆ. ಹೆಣ್ಣು ನೋಡಲು ಹೋದವರು ಕೇಸರಿಬಾತು ತಿಂದು "ತಿಳಿಸ್ತೀವಿ" ಎಂದು ಎದ್ದುಬರುತ್ತಾರಲ್ಲ, ಹಾಗೆ. ಕೇಸರಿಬಾತು ಚೆನ್ನಾಗಿತ್ತು ಎನ್ನುವಷ್ಟೂ ಬಾಯಿ ಬಿಡುವವನಲ್ಲ ವರ್ನನ್.

ಕಸುಬಿನ ಮುಖವನ್ನು ಹೊರಗೇ ಕಳಚಿಟ್ಟು ಮನೆಯೊಳಗೆ ಹೋಗುವುದು ಅವನಿಗೆ ಬರಲೇ ಇಲ್ಲ. ಹೆಂಡತಿ ರೂಬಿ ನೆಲ್ ಬಡಿಸಿದ್ದನ್ನೆಲ್ಲ ತಿಂದು ಕೈ ಒರೆಸಿಕೊಂಡು ಏಳುತ್ತಿದ್ದ.

"ಹೇಗಿತ್ತು ಅಂತ ಬಾಯಿಬಿಟ್ಟು ಹೇಳ್ರೀ. ನಾನೇನು ಬೇರೆ ಟೀಮಿನೋಳಾ?" ಎಂದು ಆಕೆ ಕೇಳುತ್ತಿದ್ದಳು.

ಅವನು ನಗುತ್ತಿದ್ದ, ಹೇಳುತ್ತಿರಲಿಲ್ಲ. ರೂಬಿ ನೆಲ್ ತೀರಿಕೊಂಡ ಮೇಲೆ ಹೆದ್ದಾರಿಯ ಹೋಟೆಲುಗಳಲ್ಲಿ ಒಬ್ಬನೇ ತಿನ್ನುವಾಗ ಅವಳು ಮಾಡುತ್ತಿದ್ದ ಒಂದೊಂದು ಅಡುಗೆಗೂ ಏನು ಹೇಳಬಹುದಾಗಿತ್ತು ಎಂದು ಯೋಚಿಸುವುದು ಅವನಿಗೆ ಅಭ್ಯಾಸವಾಯಿತು. ಎದೆಯೊಳಗೆ ಹೇಳದ ಮಾತು ರಾಶಿ ಬಿದ್ದಿತ್ತು, ಕೇಳಬೇಕಾದವಳೇ ಇರಲಿಲ್ಲ.

ಅವನ ತಂಡದಲ್ಲಿ ಹಳೆಯ ಒಂದು ಪದ್ಧತಿ ಇತ್ತು. ಆರಿಸಿದ ಹುಡುಗನಿಗೆ ಫೋನ್ ಮಾಡುವಾಗ ಮೊದಲ ಮಾತು ಅವನನ್ನು ಕಂಡುಹಿಡಿದ ಸ್ಕೌಟಿನದು. ಬಾಸ್, ಕೋಚು, ಮಾಲೀಕರು ಎಲ್ಲರೂ ಆಮೇಲೆ. "ನೀನು ನಮಗೆ ಬೇಕು" ಎಂದಷ್ಟೇ ಹೇಳಿ ಫೋನ್ ದಾಟಿಸಬೇಕು. ಕೊನೆಯ ಸುತ್ತುಗಳಲ್ಲಿ, ಬೇರೆ ಯಾರೂ ಕೇಳದೆ ಉಳಿದ ಹುಡುಗರಿಗೆ ವರ್ನನ್ ಆ ಮಾತು ಹೇಳಿದ್ದ. ಮೊದಲ ಸುತ್ತಿನಲ್ಲಿ, ತಾನು ಮನಸ್ಸಿಟ್ಟ ಹುಡುಗನಿಗೆ ಒಮ್ಮೆಯೂ ಹೇಳಿರಲಿಲ್ಲ. ಪ್ರತಿ ವರ್ಷವೂ ಅವನು ಮೆಚ್ಚಿದವರು ಬೇರೆ ತಂಡಗಳ ಪಾಲಾಗುತ್ತಿದ್ದರು. ಭಾನುವಾರ ಟಿವಿಯಲ್ಲಿ ಬೇರೆ ಬಣ್ಣದ ಅಂಗಿ ತೊಟ್ಟು ಆಡುವ ಅವರನ್ನು ನೋಡುತ್ತಾ "ನನ್ನ ಹುಡುಗ" ಎಂದು ಗೋಡೆಗೆ ಹೇಳಿಕೊಳ್ಳುತ್ತಿದ್ದ. ಆ ಹುಡುಗರಿಗೋ ಇವನ ಹೆಸರೇ ಗೊತ್ತಿಲ್ಲ. ಈಗ ಮಂಡಿ ಕೈಕೊಟ್ಟಿತ್ತು. ಈ ಡ್ರಾಫ್ಟ್ ಮುಗಿದರೆ ಕೆಲಸ ಬಿಡುತ್ತೇನೆಂದು ಹೇಳಿಯಾಗಿತ್ತು. ಒಂದೇ ಒಂದು ಸಲ ಆ ಮಾತು ಹೇಳಿ ಹೋಗಬೇಕೆಂಬ ಆಸೆ ಮಾತ್ರ ಉಳಿದಿತ್ತು.

ಆ ಆಸೆಗೆ ತಕ್ಕ ಹುಡುಗ ಮೂರು ವರ್ಷದ ಹಿಂದೆಯೇ ಮಿಸಿಸಿಪ್ಪಿಯ ಬೆಲ್‌ಫೋರ್ಡ್ ಎಂಬ ಸಣ್ಣ ಕಾಲೇಜಿನಲ್ಲಿ ಸಿಕ್ಕಿದ್ದ, ಲೆಮುಯೆಲ್ ಗ್ಯಾಡಿಸ್. ಬಾಗಿಲು ತುಂಬುವ ಆಳು. ಎದುರಾಳಿಗಳು ಬಂದು ಕೆಡವದ ಹಾಗೆ ಚೆಂಡು ಎಸೆಯುವವನ ಬೆನ್ನು ಕಾಯುವುದು ಅವನ ಕೆಲಸ. ಚೆಂಡನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಚಪ್ಪಾಳೆಯೂ ಇಲ್ಲ. ವರ್ನನ್ ಮೊದಲು ನೋಡಿದ ದಿನ ಬೆಲ್‌ಫೋರ್ಡ್ ಹುಡುಗರು ಹೀನಾಯವಾಗಿ ಸೋಲುತ್ತಿದ್ದರು. ಮಳೆ ಸುರಿಯುತ್ತಿತ್ತು, ಜನ ಮನೆಗೆ ಹೋಗಿದ್ದರು. ಬೇರೆಯವರು ಹೇಗೋ ಮುಗಿದರೆ ಸಾಕು ಎಂದು ಕಾಲೆಳೆಯುತ್ತಿದ್ದರೆ ಇವನೊಬ್ಬ ಆಟ ಈಗ ತಾನೇ ಶುರುವಾಯಿತೇನೋ ಎಂಬಂತೆ ಹೆಜ್ಜೆ ಇಡುತ್ತಿದ್ದ. ಚೆಂಡು ಎಸೆಯುವ ಗೆಳೆಯ ಕೆಸರಿಗೆ ಬಿದ್ದಾಗಲೆಲ್ಲ ಎಬ್ಬಿಸುವ ಮೊದಲು ಕತ್ತಿನ ಹಿಂದೆ ಅಂಗೈ ಕೊಡುತ್ತಿದ್ದ. ವರ್ನನ್ ಕೊಡೆ ಅಡ್ಡ ಹಿಡಿದು, ನೋಡುವವರು ಯಾರೂ ಇಲ್ಲದಿದ್ದರೂ ಕಾಣದ ಹಾಗೆ ಕಣ್ಣು ಒರೆಸಿಕೊಂಡ.

ಲೆಮುಯೆಲನನ್ನು ಸಾಕಿದವಳು ಅವನ ಅಜ್ಜಿ, ಊರಿನವರೆಲ್ಲ ಮಿಸ್ ಅರ್ಲೀಥಾ ಎಂದು ಕರೆಯುವವಳು. ರೈಲು ಹಳಿಯ ಪಕ್ಕ ಆಕೆಯದೊಂದು ಊಟದ ಮನೆ. ಮೂರು ಶರತ್ಕಾಲ ವರ್ನನ್ ಅಲ್ಲಿ ಮೂಲೆಯ ಮೇಜಿನಲ್ಲಿ ಕೂತು ಕರಿದ ಮೀನು, ಸೊಪ್ಪು, ಜೋಳದ ರೊಟ್ಟಿ ತಿಂದ. ಬೇರೆ ತಂಡದವರು ಬಂದು ಹುಡುಗ ಕುಡಿಯುತ್ತಾನೆಯೇ, ಜಗಳಗಂಟನೇ, ಚರ್ಚಿಗೆ ಹೋಗುತ್ತಾನೆಯೇ ಎಂದು ಆಕೆಯ ತಲೆ ತಿನ್ನುತ್ತಿದ್ದರು. ವರ್ನನ್ ಕೇಳಿದ್ದು ಉಪ್ಪು ಮಾತ್ರ. ಕೇಳಬೇಕೆಂದು ನಾಲಿಗೆ ತುದಿಗೆ ಬಂದದ್ದನ್ನೆಲ್ಲ ರೊಟ್ಟಿಯ ಜೊತೆ ನುಂಗಿ ಎದ್ದು ಬರುತ್ತಿದ್ದ.

ಮಾರ್ಚ್‌ನಲ್ಲಿ ಬೆಲ್‌ಫೋರ್ಡ್ ಹುಡುಗರನ್ನು ಮೈದಾನದಲ್ಲಿ ಓಡಿಸಿ ನೋಡುವ ಪರೀಕ್ಷೆಯ ದಿನ ಬಂತು. ಎಲ್ಲ ತಂಡದ ಸ್ಕೌಟುಗಳು ಕೈಯಲ್ಲಿ ಗಡಿಯಾರ ಹಿಡಿದು ಸಾಲಾಗಿ ಕೂತಿದ್ದರು. ಮನೆಯವರು ಬೇಲಿಯಾಚೆ. ವರ್ನನ್ ಪಕ್ಕ ಕೂತವನು ಸಾನಿ ಡುಪ್ರೀ, ಬೇರೆ ತಂಡದ ಸ್ಕೌಟ್. ಇಬ್ಬರೂ ಒಂದೇ ದಾರಿಯಲ್ಲಿ ಮುದುಕರಾದವರು, ಒಬ್ಬರ ಜೇಬಿಗೆ ಇನ್ನೊಬ್ಬರು ಇಣುಕುತ್ತಲೇ ಗೆಳೆಯರಾಗಿದ್ದವರು.

"ಏನೋ ವರ್ನನ್, ಆ ದೈತ್ಯ ಹೇಗಿದಾನೆ?"

"ಯಾವ ದೈತ್ಯ?"

"ಅಯ್ಯೋ, ಗುಡ್ಡದ ಥರ ಕಣ್ಣೆದುರಿಗೇ ನಿಂತಿದಾನಲ್ಲೋ, ಅವನು."

"ಓ, ಅವನಾ? ಪರವಾಗಿಲ್ಲ. ನೀವೇ ಇಟ್ಕೊಳ್ಳಿ."

ಲೆಮುಯೆಲನ ಹೆಸರು ಕೂಗಿದರು. ವರ್ನನ್ ಎದೆ ಎಷ್ಟು ಜೋರಾಗಿ ಬಡಿದುಕೊಂಡಿತೆಂದರೆ ಸಾನಿಗೆ ಕೇಳಿಸೀತು ಎಂದು ಹೆದರಿಕೆಯಾಯಿತು. ಇನ್ನು ಮುಖ ತನ್ನ ಮಾತು ಕೇಳುವುದಿಲ್ಲ ಎಂದು ಗೊತ್ತಾಗಿ ಎದ್ದುನಿಂತ.

"ಕಡಲೆಕಾಯಿ ತಗೊಂಡ್ ಬರ್ತೀನಿ. ನಿಂಗೂ ಬೇಕಾ?"

ಬೇಲಿಯ ಹತ್ತಿರ ಬೇಯಿಸಿದ ಕಡಲೆಕಾಯಿ ಮಾರುವ ವ್ಯಾನು ನಿಂತಿತ್ತು. ವರ್ನನ್ ಮೈದಾನಕ್ಕೆ ಬೆನ್ನು ಹಾಕಿ ಅದರ ಕಿಟಕಿಯ ಮುಂದೆ ನಿಂತ. ಕಿಟಕಿಯ ಗಾಜಿನಲ್ಲಿ ಇಡೀ ಮೈದಾನ ಕಾಣುತ್ತಿತ್ತು. ಆ ಗಾಜಿನೊಳಗೆ ಲೆಮುಯೆಲ್ ಓಡಿದ. ಅಡ್ಡ ಹೆಜ್ಜೆಯ ಪರೀಕ್ಷೆಯಲ್ಲಿ ಒಮ್ಮೆ ಜಾರಿ ಬಿದ್ದ, ಎದ್ದ, ಬೇಲಿಯಾಚೆ ನಿಂತ ಅಜ್ಜಿಯ ಕಡೆ ಒಂದು ಕ್ಷಣ ನೋಡಿ ಮತ್ತೆ ಶುರುಮಾಡಿದ. ಪೊಟ್ಟಣ ಚಾಚಿದ್ದ ಮಾರುವವನು "ತಗೊಳ್ಳಿ ಸಾರ್, ಹಿಂದೆ ಜನ ಕಾಯ್ತಿದಾರೆ" ಎಂದು ಗದರಿದ. ವರ್ನನ್ ಕೇಳಿಸಿಕೊಳ್ಳಲಿಲ್ಲ. ಅಷ್ಟು ಪ್ರೀತಿಯಿಂದ ಅವನು ಯಾರನ್ನೂ, ನೇರವಾಗಿಯೂ, ನೋಡಿದ್ದಿಲ್ಲ.

ಡ್ರಾಫ್ಟ್ ದಿನ ತಂಡದ ಕೋಣೆಯ ಗೋಡೆ ತುಂಬಾ ಹುಡುಗರ ಹೆಸರಿನ ಚೀಟಿಗಳು. ಹೊರಗೆ ಒಂದೊಂದು ಹೆಸರು ಕೂಗಿದಂತೆ ಒಳಗೆ ಒಂದೊಂದು ಚೀಟಿ ಕೆಳಗಿಳಿಯುತ್ತಿತ್ತು. ಅವರ ಸರದಿ ಮೊದಲ ಸುತ್ತಿನ ಕೊನೆಗೆ. ಅದು ಹತ್ತಿರ ಬಂದಾಗ ಗೋಡೆಯ ಮೇಲೆ ಬೇಕಾದವರು ಇಬ್ಬರು ಉಳಿದಿದ್ದರು: ದೊಡ್ಡ ಕಾಲೇಜಿನಲ್ಲಿ ಚೆಂಡು ಹಿಡಿದು ಓಡುವ ಹೆಸರುವಾಸಿ ಹುಡುಗ, ಮತ್ತೆ ಲೆಮುಯೆಲ್. ಬಾಸ್ ಪ್ರೂಯಿಟ್ ಕುರ್ಚಿ ತಿರುಗಿಸಿದ.

"ವರ್ನನ್, ನಿನ್ ರಿಪೋರ್ಟಲ್ಲಿ ಈ ಹುಡುಗ ಚೆನ್ನಾಗಿದಾನೆ ಅಂತಿದೆ. ಆದ್ರೆ ಚಳಿಗಾಲ ಪೂರ್ತಿ ಅವನ ಬಗ್ಗೆ ನಿನ್ ಬಾಯಲ್ಲಿ ಒಂದ್ ಮಾತು ಬಂದಿಲ್ಲ. ಅವನು ಓಡ್ತಿದ್ರೆ ನೀನು ಕಡಲೆಕಾಯಿ ತಿನ್ನೋಕೆ ಹೋಗಿದ್ದೆ ಅಂತಾರೆ ನಮ್ಮೋರೇ. ನಿನಗೇ ಬೇಡ್ದೆ ಇದ್ದೋನು ನನಗ್ಯಾಕಪ್ಪ?"

ವರ್ನನ್ ಎದ್ದುನಿಂತ. ಎಷ್ಟೋ ವರ್ಷಗಳಿಂದ ಮುಚ್ಚಿದ್ದ ಬಾಗಿಲು ಕಿರುಗುಡುತ್ತಾ ತೆರೆದುಕೊಂಡಿತು.

"ನನಗೆ ಬೇಕು," ಎಂದ. "ಇವನಷ್ಟು ನನಗೆ ಯಾರೂ ಬೇಕಾಗಿರ್ಲಿಲ್ಲ." ಮಳೆಯಲ್ಲಿ ಸೋಲುತ್ತಿದ್ದ ಆಟದ ಬಗ್ಗೆ ಹೇಳಿದ, ಕತ್ತಿನ ಹಿಂದೆ ಇಟ್ಟ ಅಂಗೈ ಬಗ್ಗೆ ಹೇಳಿದ. ಹೇಳುತ್ತಾ ಧ್ವನಿ ಒಡೆಯಿತು, ನಾಚಿಕೆಯಾಗಲಿಲ್ಲ. "ಗೆಲ್ಲೋವಾಗ ಯಾರ್ ಬೇಕಾದ್ರೂ ಬೆನ್ನು ಕಾಯ್ತಾರೆ ಸರ್. ನೋಡೋರೇ ಇಲ್ದಾಗ ಇವನು ಕಾಯ್ತಿದ್ದ. ನಾನೊಬ್ಬನೇ ನೋಡ್ತಿದ್ದೆ."

ಈ ಮುದುಕನ ಬಾಯಿಂದ ಇಷ್ಟು ಮಾತನ್ನು ಯಾರೂ ಕೇಳಿರಲಿಲ್ಲ. ಪ್ರೂಯಿಟ್ ಮೇಜು ಕುಟ್ಟಿದ.

"ಇದನ್ನ ಮೊದಲೇ ಬೊಗಳೋದಲ್ವೇನಯ್ಯಾ! ಆಯ್ತು. ಗ್ಯಾಡಿಸ್‌ನೇ ತಗೊಳ್ಳೋಣ. ವರ್ನನ್ ಕೈಗೆ ಫೋನ್ ಕೊಡಿ."

ಫೋನು ವರ್ನನ್ ಕೈಗೆ ಬಂತು. ಅವರ ಸರದಿಗೆ ಇನ್ನೊಂದೇ ತಂಡ ಅಡ್ಡ. ಆ ತಂಡಕ್ಕೆ ಬೆನ್ನು ಕಾಯುವವರ ಅಗತ್ಯ ಇರಲಿಲ್ಲ. ಅಷ್ಟರಲ್ಲಿ ಪರದೆಯ ಮೇಲೆ ಸುದ್ದಿ ಮೂಡಿತು: ಆ ತಂಡ ತನ್ನ ಸರದಿಯನ್ನು ಬಿಟ್ಟುಕೊಟ್ಟಿದೆ, ಹಿಂದೆ ಇದ್ದ ಇನ್ನೊಂದು ತಂಡ ಅದನ್ನು ಕೊಂಡುಕೊಂಡು ಮುಂದೆ ಬಂದಿದೆ. ಹಾಗೆ ಬಂದದ್ದು ಸಾನಿ ಡುಪ್ರೀಯ ತಂಡ. ಅವರು ಕೂಗಿದ ಹೆಸರು ಲೆಮುಯೆಲ್ ಗ್ಯಾಡಿಸ್.

ಯಾರೋ ಎದ್ದು ಚೀಟಿ ಕೆಳಗಿಳಿಸಿದರು. ವರ್ನನ್ ಫೋನನ್ನು ಮೇಜಿನ ಮೇಲೆ, ಸದ್ದಾಗದ ಹಾಗೆ ಇಟ್ಟ. ಅಳು ಬರಲಿಲ್ಲ. ರೂಬಿ ನೆಲ್ ಇದ್ದಿದ್ದರೆ ಮನೆಗೆ ಹೋಗಿ ಅವಳೊಬ್ಬಳ ಹತ್ತಿರ ಹೇಳಿಕೊಳ್ಳುತ್ತಿದ್ದೆ ಎಂದು ಅನಿಸಿತು. ಹೇಳಿಕೊಳ್ಳುತ್ತಿರಲಿಲ್ಲ ಎಂದೂ ಅವನಿಗೆ ಗೊತ್ತಿತ್ತು.

ಮಾರನೆಯ ದಿನ ಸಾನಿ ಫೋನ್ ಮಾಡಿದ.

"ಬೈಕೋಬೇಡ ಕಣೋ. ನಮ್ಮೋರಿಗೆ ಆ ಹುಡುಗನ ಮೇಲೆ ಅರೆಮನಸ್ಸು. ನಾನೇ ಹೇಳ್ದೆ, ವರ್ನನ್ ಟ್ಯಾಕೆಟ್ ಕಡಲೆಕಾಯಿಗೆ ಎದ್ದು ಹೋಗಿದಾನೆ, ಕಣ್ಮುಚ್ಕೊಂಡು ತಗೊಳ್ಳಿ ಅಂತ."

"ಹಂಗಂದ್ರೆ?"

"ನಿನಗೆ ಕಡಲೆಕಾಯಿ ಕಂಡ್ರೆ ಆಗಲ್ಲ. ಇಷ್ಟು ವರ್ಷದಲ್ಲಿ ಒಂದ್ ಕಾಯಿ ತಿಂದಿದ್ದು ನಾ ನೋಡಿಲ್ಲ. ನಿನಗೆ ಬೇಡ್ದೆ ಇರೋರನ್ನ ನುಂಗೋ ಹಂಗೆ ನೋಡ್ತೀಯ, ಬೇಕಾದೋರನ್ನ ಕಂಡ್ರೆ ಓಡಿಹೋಗ್ತೀಯ. ಊರಿಗೆಲ್ಲ ಗೊತ್ತು ಕಣೋ, ನಿಮ್ಮ ಬಾಸ್‌ಗೆ ಬಿಟ್ಟು."

ವರ್ನನ್ ನಗಲು ಹೋದ; ನಗು ಅರ್ಧಕ್ಕೇ ನಿಂತಿತು. ಮುಚ್ಚಿಟ್ಟದ್ದು ಕಾಣದೆ ಹೋದದ್ದು ತನ್ನವರಿಗೆ ಮಾತ್ರ. ಆಮೇಲೆ ಆ ಹುಡುಗನಿಗೆ.

ಡ್ರಾಫ್ಟ್ ಮುಗಿಯಿತು, ಕೆಲಸವೂ ಮುಗಿಯಿತು. ಸೋಮವಾರ ವರ್ನನ್ ಮನೆಯ ದಾರಿ ಬಿಟ್ಟು ಬೆಲ್‌ಫೋರ್ಡ್ ಕಡೆ ಕಾರು ತಿರುಗಿಸಿದ. ಮಧ್ಯಾಹ್ನದ ಗಿರಾಕಿಗಳು ಹೋಗಿದ್ದರು. ಊಟದ ಮನೆಯ ಬಾಗಿಲಿಗೆ ಕಟ್ಟಿದ್ದ ಬಣ್ಣದ ಕಾಗದ ಇನ್ನೂ ತೆಗೆದಿರಲಿಲ್ಲ. ಮೂಲೆಯ ಮೇಜಿಗೆ ಮಿಸ್ ಅರ್ಲೀಥಾ ತಾನೇ ತಟ್ಟೆ ತಂದಿಟ್ಟಳು. ಅವನು ಒಂದು ತುತ್ತು ತಿಂದ.

"ತುಂಬಾ ಚೆನ್ನಾಗಿದೆ ಅಮ್ಮಾ," ಎಂದ. "ಯಾವಾಗ್ಲೂ ಚೆನ್ನಾಗಿರ್ತಿತ್ತು. ನಾನೇ ಹೇಳ್ಲಿಲ್ಲ."

ಆಕೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಬ್ಬಾ, ಮಾತೂ ಬರುತ್ತಾ ನಿಂಗೆ! ಬಂದೋರೆಲ್ಲ ನನ್ ಮಗೂನ ಬಗ್ಗೆ ಕೇಳಿದ್ರು. ಮೂರು ವರ್ಷದಿಂದ ಬಂದು ಏನೂ ಕೇಳ್ದೆ ಹೋದೋನು ನೀನೊಬ್ಬನೇ. 'ಲೆಮ್, ನೀನು ನಿಜವಾಗ್ಲೂ ಬೇಕು ಅನ್ನೋನು ಆ ಮೂಲೇಲಿ ಕೂತಿರೋನು ಕಣೋ' ಅಂತ ಅವನಿಗೆ ಹೇಳ್ದೆ. ನಂಬ್ಲಿಲ್ಲ ಅವನು. 'ಅಜ್ಜೀ, ಅವರಿಗೆ ನನ್ ಕಂಡ್ರೆ ಆಗಲ್ಲ' ಅಂದ."

ಅಷ್ಟರಲ್ಲಿ ಆಕೆ ಫೋನ್ ತೆಗೆದು ಗುಂಡಿ ಒತ್ತಿಯಾಗಿತ್ತು. "ಮಗಾ, ಇಲ್ಲೊಬ್ರು ಇದಾರೆ, ಮಾತಾಡು," ಎಂದು ಅವನ ಕೈಗೆ ಕೊಟ್ಟಳು. ಇಷ್ಟು ವರ್ಷ ಬಾಯಿಪಾಠ ಮಾಡಿಟ್ಟಿದ್ದ ಮಾತು ಈಗ ಹೇಳುವಂತಿರಲಿಲ್ಲ. ಹುಡುಗ ಈಗ ಬೇರೆಯವರವನು.

"ವರ್ನನ್ ಟ್ಯಾಕೆಟ್ ಅಂತ, ಸ್ಕೌಟು," ಎಂದ.

"ಕಡಲೆಕಾಯಿಗೆ ಹೋದೋರಲ್ವಾ ಸರ್ ನೀವು?" ಹುಡುಗನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಎಲ್ರೂ ನೋಡ್ತಿದ್ರು. ನೀವೊಬ್ರೇ ಬೆನ್ನು ಹಾಕಿ ನಿಂತಿದ್ರಿ. ಆವತ್ತು ತುಂಬಾ ಬೇಜಾರಾಗಿತ್ತು ಸರ್ ನನಗೆ."

"ವ್ಯಾನಿನ ಕಿಟಕಿಗೆ ಗಾಜಿತ್ತು ಮಗಾ," ಎಂದ ವರ್ನನ್. "ಅಡ್ಡ ಹೆಜ್ಜೇಲಿ ಜಾರಿದೆ. ಎದ್ದು ನಿಮ್ಮಜ್ಜಿ ಕಡೆ ನೋಡಿದೆ. ಆಮೇಲೆ ಮೊದಲಿಗಿಂತ ಚೆನ್ನಾಗಿ ಮಾಡಿದೆ."

ಮಿಸ್ ಅರ್ಲೀಥಾ ಎದುರಿನ ಕುರ್ಚಿ ಎಳೆದು ಕೂತಳು.

"ಎಲ್ಲಾ ನೋಡಿದೆ ಕಣಪ್ಪಾ," ಎಂದ ವರ್ನನ್. "ನೀನು ನನಗೆ ಬೇಕಾಗಿತ್ತು."