ಸುತ್ತಿಗೆ ಹೂವಿನಡಿ ಇದ್ದ ದಿನ

ನನ್ನ ಕೈ ಸುಮ್ಮನಿರುವುದಿಲ್ಲ. ಕುರ್ಚಿಯಲ್ಲಿ ಕೂರುವ ಮೊದಲು ಅದರ ಕಾಲು ಅಲ್ಲಾಡಿಸಿ ನೋಡುತ್ತೇನೆ. ಯಾರದಾದರೂ ಮನೆಗೆ ಹೋದರೆ ಮಾತಾಡುತ್ತಲೇ ಅವರ ಬಾಗಿಲಿನ ಚಿಲಕ ಹಾಕಿ ತೆಗೆದು ಮಾಡುತ್ತಿರುತ್ತೇನೆ. ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವಾಗಲೂ ಮೇಜಿನ ಸಡಿಲ ಮೊಳೆಯೊಂದನ್ನು ಹೆಬ್ಬೆರಳಿನಿಂದ ಒತ್ತುತ್ತಾ ನಿಂತಿರುತ್ತೇನೆ. ಇಂಥವನ ಪಾಲಿಗೆ ಒಂದು ಹಳೇ ಮನೆ ಬೇರೆ ಬಂದಿದೆ. ಮೊದಲೇ ಮಂಗ, ಮೇಲೆ ಹೆಂಡ ಕುಡಿಸಿದ ಹಾಗಾಯಿತು ಎನ್ನುತ್ತಾಳೆ ನನ್ನ ಹೆಂಡತಿ.

ಮನೆ ನನ್ನ ತಾತ ಕಟ್ಟಿಸಿದ್ದು. ಮಂಡಿ ಮೊಹಲ್ಲಾದ ಸಗಟು ಅಂಗಡಿಗಳ ಹಿಂದಿನ ಬೀದಿಯಲ್ಲಿದೆ. ಬೆಳಿಗ್ಗೆ ಕಿಟಕಿ ತೆಗೆದರೆ ಒಣಮೆಣಸಿನಕಾಯಿಯ ಘಾಟಿಗೆ ಮೊದಲು ಒಂದು ಸೀನು, ಆಮೇಲೆ ಮಿಕ್ಕ ಮಾತು. ಮದ್ರಾಸ್ ತಾರಸಿ ಅಂತ ಹಿಂದಿನವರು ಹಾಕುತ್ತಿದ್ದರಲ್ಲ, ಅದು ನಮ್ಮದು: ತೇಗದ ತೊಲೆಗಳು, ಅವುಗಳ ಮೇಲೆ ಮಗ್ಗುಲಾಗಿ ನಿಲ್ಲಿಸಿದ ಇಟ್ಟಿಗೆ, ಅದರ ಮೇಲೆ ಬಡಿದು ಕೂರಿಸಿದ ಸುಣ್ಣದ ಗಾರೆ. ರಿಪೇರಿಗೆ ಎಂದೂ ಬರವಿಲ್ಲ. ಕಿಟಕಿಯ ಕದ ಬಿಗಿಮಾಡುವಷ್ಟರಲ್ಲಿ ಬಚ್ಚಲಿನ ಕೊಳಾಯಿ ಸಡಿಲಾಗುತ್ತದೆ, ಅದನ್ನು ಹಿಡಿಯುವಷ್ಟರಲ್ಲಿ ಹಜಾರದ ಕೆಂಪು ನೆಲ ಬಾಯಿಬಿಡುತ್ತದೆ. ನಾನೂ ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಗುವವನಲ್ಲ, ಎಲ್ಲವನ್ನೂ ಒಟ್ಟಿಗೆ ಶುರು ಮಾಡುವವನು. ಕೆಲಸದವರನ್ನು ಕರೆಸಬಹುದು, ಇಲ್ಲವೆಂದಲ್ಲ. ಆದರೆ ಕರೆಸಿದರೆ ಅವರು ಮಾಡುವುದನ್ನು ನೋಡುತ್ತಾ ನಿಲ್ಲಬೇಕಲ್ಲ, ಅದು ನನ್ನಿಂದಾಗದು. 'ಕೆಲಸ ಇಲ್ಲದ ಬಡಗಿ ಮಗನ ಅಂಡು ಕೆತ್ತಿದನಂತೆ' ಎಂಬ ಗಾದೆ ಹೆಂಡತಿಯ ಹೊಲಿಗೆ ಯಂತ್ರದ ಹಿಂದಿನಿಂದ ಆಗಾಗ ಬರುತ್ತದೆ. ಕೇಳಿಸದವನಂತೆ ಇರುತ್ತೇನೆ.

ಇಡೀ ಮನೆಯಲ್ಲಿ ನನ್ನ ಕೈಗೆ ನಿಷೇಧವಿರುವುದು ಒಂದೇ ಕಡೆ, ಅಡುಗೆಮನೆಯ ಹಿಂದಿನ ಸಾಮಾನಿನ ಕೋಣೆ. ಹಿಂದೊಮ್ಮೆ ಅಲ್ಲಿ ನಾನೇ ಹಲಗೆ ಹೊಡೆದು ಒಂದು ಅಟ್ಟಣೆ ಮಾಡಿಕೊಟ್ಟಿದ್ದೆ. ಅದು ವರ್ಷದ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿಯ ಸಮೇತ ನೆಲಕ್ಕೆ ಬಂತು. ಅಂದಿನಿಂದ ಆ ಕೋಣೆಯ ಹೊಸಿಲು ನಾನು ದಾಟುವಂತಿಲ್ಲ. ಬೇಕಾದ್ದನ್ನು ಕೇಳಿದರೆ ಅವಳೇ ತಂದುಕೊಡುತ್ತಾಳೆ.

ನನ್ನ ಹೆಂಡತಿ ರವಿಕೆ ಹೊಲಿಯುತ್ತಾಳೆ. ಅವಳ ಯಂತ್ರ ಇರುವುದು ಹಜಾರದಲ್ಲಿ, ಕಿಟಕಿಯ ಬೆಳಕಿಗೆ. ಮಳೆಗಾಲದಲ್ಲಿ ಸೋರುತ್ತಿದ್ದದ್ದೂ ಸರಿಯಾಗಿ ಅಲ್ಲೇ. ಎರಡು ಮಳೆಗಾಲದ ಹಿಂದೆ ಯಾರದೋ ಮದುವೆಯ ರೇಷ್ಮೆ ರವಿಕೆಯ ಮೇಲೆ ಚಾವಣಿಯಿಂದ ಒಂದು ಕಂದು ಹನಿ ಬಿತ್ತು. ಅವಳು ಕೂಗಾಡಲಿಲ್ಲ. ಯಂತ್ರ ನಿಲ್ಲಿಸಿ, ರವಿಕೆಯನ್ನು ಬೆಳಕಿಗೆ ಹಿಡಿದು ನೋಡಿ, ಮಡಚಿಟ್ಟು, ನನ್ನ ಕಡೆ ತಿರುಗಿದಳು.

"ಅತ್ತೆ ಇಲ್ಲಿ ಬಕೆಟ್ ಇಟ್ರು. ಅವರಾದ್ಮೇಲೆ ನಾನು ಇಡ್ತಿದೀನಿ. ಮಳೆಗಾಲ ಪೂರ್ತಿ ನೆಲ ಒರೆಸಿ, ಬಟ್ಟೆ ಹಿಂಡಿ ಹಿಂಡಿ ನನ್ನ ಮಣಿಕಟ್ಟು ಹೋಯ್ತು ಕಣ್ರೀ. ನಂಗೆ ಒಂದು ಒಣಗಿದ ಮನೆ ಬೇಕು. ಬೇರೇನೂ ಬೇಡ."

ಶ್ರೀರಾಂಪುರದಲ್ಲಿರುವ ನನ್ನ ತಂಗಿಗೆ ಇಷ್ಟು ಸಾಕಾಯಿತು. ಅವಳ ಗಂಡನ ಕಡೆಯ ನೆಂಟರದೊಂದು ಮನೆ ವಿಜಯನಗರದಲ್ಲಿ ಬಾಡಿಗೆಗೆ ಖಾಲಿಯಿದೆ, ಅವಸರವಿಲ್ಲ, ದಸರಾವರೆಗೂ ಕಾಯುತ್ತಾರೆ, ಬಂದು ನೋಡು ಅಣ್ಣ ಎಂದಳು. ಹೋದ ವರ್ಷದ ಬೇಸಿಗೆಯಲ್ಲಿ ಹೋಗಿ ನೋಡಿದೆವು. ಹೊಸ ಮನೆ, ಬಿಳಿ ಗೋಡೆ. ಹೆಂಡತಿ ಒಂದು ಕೋಣೆಯ ನಡುವೆ ನಿಂತು ಚಾವಣಿ ನೋಡಿ, 'ಇಲ್ಲಿ ಮಿಷನ್ ಎಲ್ಲಿ ಬೇಕಾದ್ರೂ ಇಡಬಹುದು' ಎಂದಳು. ನಾನು ಕೊಳಾಯಿಗಳನ್ನು ತಿರುಗಿಸಿ ನೋಡಿದೆ. ತೊಟ್ಟಿಕ್ಕಲಿಲ್ಲ. ಕಿಟಕಿಗಳನ್ನು ಎಳೆದು ನೋಡಿದೆ, ಸದ್ದಿಲ್ಲದೆ ಜಾರಿದವು. ಬಾಗಿಲು ಕಿರುಗುಟ್ಟಲಿಲ್ಲ. ಸ್ವಿಚ್ಚೊಂದಾದರೂ ಸಡಿಲವಿರಬಾರದೇ ಎಂದು ಗೋಡೆ ಗೋಡೆ ತಡಕಿದೆ. ಆಮೇಲೆ ಅಲ್ಲಿ ನಿಲ್ಲಲಾಗದೆ ಕೆಳಗಿಳಿದು ಸ್ಕೂಟರಿನ ಹತ್ತಿರ ಹೋಗಿ ನಿಂತೆ.

ಮನೆಗೆ ಬಂದ ಮೇಲೆ ನಾನೇ ಹೇಳಿದೆ, ಈ ಬೇಸಿಗೆ ರಜೆಯಲ್ಲಿ ತಾರಸಿ ಸರಿ ಮಾಡುತ್ತೇನೆ, ಇದೊಂದು ಸಲ ನಂಬು ಎಂದು. ಅವಳು ಸ್ವಲ್ಪ ಯೋಚಿಸಿ, "ಸರಿ. ದಸರಾ ಕಳೆಯೋ ತನಕ ಈ ಮನೇಲಿ ಒಂದು ಹನಿ ಬಿದ್ರೂ ನಾವು ವಿಜಯನಗರಕ್ಕೆ ಹೋಗೋದೇ. ಆಮೇಲೆ ಮಾತು ಬದಲಾಯಿಸ್ಬಾರ್ದು" ಎಂದಳು. ಒಪ್ಪಿದೆ.

ಹಳೇ ತಾರಸಿಯನ್ನು ಹೇಗೆ ಸರಿಮಾಡಬೇಕೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಅಪ್ಪನ ಕಾಲದಲ್ಲಿ ನೋಡಿದ್ದೇನೆ. ಸುಣ್ಣದ ಕಲ್ಲು ತಂದು ತೊಟ್ಟಿಯಲ್ಲಿ ವಾರಗಟ್ಟಲೆ ನೆನೆಹಾಕಬೇಕು, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಬೆರೆಸಬೇಕು, ಆಮೇಲೆ ತಾರಸಿಗೆ ಹಾಕಿ ಮರದ ಕೋಲಿನಿಂದ ದಿನಗಟ್ಟಲೆ ಬಡಿಯಬೇಕು. ಬಡಿಯುವುದೇನೋ ಸರಿ, ಅದು ನನಗೆ ಹಬ್ಬ. ಆದರೆ ಸುಣ್ಣ ನೆನೆಯುವುದನ್ನು ನೋಡುತ್ತಾ ವಾರಗಟ್ಟಲೆ ಕೂರುವುದೇ? ಎರಡು ಸಲ ತೊಟ್ಟಿಯವರೆಗೆ ಹೋಗಿ ಬಂದೆ. ಮೂರನೆಯ ಸಲ ನೇರ ಅಂಗಡಿಗೆ ಹೋಗಿ ಸಿಮೆಂಟ್ ತಂದೆ. ಹಜಾರದ ಮೇಲಿನ ಬಿರುಕುಗಳನ್ನೆಲ್ಲ ಒಂದೇ ದಿನದಲ್ಲಿ ಮುಚ್ಚಿ, ಕರಣೆಯಿಂದ ನುಣ್ಣಗೆ ತೀಡಿ, ಮೇಲೆ ನೀರು ಹೀರದ ಬಣ್ಣವನ್ನೂ ಬಳಿದೆ. ಹಳೇ ಸುಣ್ಣಕ್ಕೂ ಸಿಮೆಂಟಿಗೂ ಕೂಡಿಬರುವುದಿಲ್ಲ, ಅಂಚಿನಲ್ಲಿ ಬಿಡುತ್ತದೆ, ನೀರು ಅದರಡಿ ಹೊಕ್ಕು ಬೇರೆ ದಾರಿ ಹುಡುಕುತ್ತದೆ ಎಂಬುದು ಗೊತ್ತಿದ್ದವರಿಗೆಲ್ಲ ಗೊತ್ತಿದೆ. ನನಗೂ ಗೊತ್ತಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಸುಮ್ಮನೆ ಹೇಳುತ್ತಾರೆಯೇ?

ಮಳೆ ಶುರುವಾಯಿತು. ಹಜಾರದಲ್ಲಿ ಒಂದು ಹನಿಯೂ ಬೀಳಲಿಲ್ಲ. ನಾನು ಜಂಬದಿಂದ ಚಾವಣಿಯ ಕೆಳಗೆ ಓಡಾಡುತ್ತಾ, ಉದ್ದನೆಯ ಕೋಲಿನಿಂದ ಅಲ್ಲಲ್ಲಿ ತಟ್ಟಿ, 'ನೋಡು' ಎನ್ನುತ್ತಿದ್ದೆ. ಅವಳು, 'ನೋಡ್ತಿದೀನಿ, ಬುಡಿ' ಎಂದು ಹೊಲಿಯುತ್ತಿದ್ದಳು. ಗೆಲ್ಲುತ್ತಿದ್ದೇನೆಂದು ಅನಿಸಿದ ಮೇಲೂ ನನಗೆ ಸಮಾಧಾನವಿರಲಿಲ್ಲ. ಮೋಡ ಕಂಡರೆ ಶಾಲೆಯಿಂದ ಫೋನ್ ಮಾಡುತ್ತಿದ್ದೆ. ಮನೆಗೆ ಬಂದವನೇ ಏಣಿ ಹತ್ತುತ್ತಿದ್ದೆ. ಅದರ ನಡುವೆ ಅಷ್ಟಾಗಿ ಗಮನಕ್ಕೆ ಬಾರದ ಎರಡು ಸಂಗತಿಗಳು ನಡೆದವು. ಸಾಮಾನಿನ ಕೋಣೆಯಲ್ಲಿರುತ್ತಿದ್ದ ಗಿರಾಕಿಗಳ ಬಟ್ಟೆಗಂಟುಗಳು ನಮ್ಮ ಮಂಚದ ಪಕ್ಕಕ್ಕೆ ಬಂದವು. ಯಾಕೆಂದು ಕೇಳಿದರೆ, 'ಅಲ್ಲಿ ಬೆಳಕಿಲ್ಲ' ಎಂದಳು. ಗೌರಿಹಬ್ಬಕ್ಕೆ ದೊಡ್ಡ ಹಿತ್ತಾಳೆ ಕೊಳದಪ್ಪಲೆಯಲ್ಲಿ ಆಗಬೇಕಾದ ಪಾಯಸ ಕುಕ್ಕರಿನಲ್ಲಿ ಆಯಿತು. ತಪ್ಪಲೆ ಎಲ್ಲಿ ಎಂದರೆ, 'ಹುಳಿಹಚ್ಚಿ ಉಜ್ಜೋಕೆ ಯಾರ ಕೈಲಾಗುತ್ತೆ' ಎಂದಳು. ನಾನು ಆಗಲೇ ಏಣಿಯ ಮೇಲಿದ್ದೆ.

ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಅದು ದೊಡ್ಡ ಪೂಜೆ, ಆಯುಧಗಳು ಅಷ್ಟಿವೆ. ಸುತ್ತಿಗೆ, ಉಳಿ, ಕರಣೆ, ಗರಗಸ, ಸ್ಪ್ಯಾನರುಗಳು, ಡ್ರಿಲ್ಲಿಂಗ್ ಮಿಷನ್, ಎಲ್ಲವನ್ನೂ ಒರೆಸಿ ದೇವರ ಮುಂದೆ ಹಾಸಿದ ಬಟ್ಟೆಯ ಮೇಲೆ ಜೋಡಿಸಿದೆ. ಅವಳ ಹೊಲಿಗೆ ಯಂತ್ರಕ್ಕೆ ವಿಭೂತಿ ಪಟ್ಟೆ, ಕತ್ತರಿಗೆ ಕುಂಕುಮ. ಸ್ಕೂಟರಿಗೆ ಹಾರ, ಚಕ್ರದಡಿ ನಿಂಬೆಹಣ್ಣು. ಪೂಜೆಯಾದ ಮೇಲೆ ಇವನ್ನು ಮುಟ್ಟುವ ಹಾಗಿಲ್ಲ. ಮರುದಿನ ವಿಜಯದಶಮಿಗೆ ಮತ್ತೆ ಆರತಿ ಎತ್ತಿ ಕದಲಿಸಿದ ಮೇಲೆಯೇ ಕೈಗೆ ತೆಗೆದುಕೊಳ್ಳಬೇಕು. ಹಿಂದಿನ ವರ್ಷಗಳಲ್ಲಿ ನಾನು ಒಂದು ಸಣ್ಣ ಸ್ಕ್ರೂಡ್ರೈವರನ್ನು ಜೇಬಿನಲ್ಲೇ ಉಳಿಸಿಕೊಂಡು ದಿನ ದೂಡುತ್ತಿದ್ದೆ. ಈ ಸಲ ಮಂಗಳಾರತಿಗೆ ಮುಂಚೆ ಅವಳು ಅಂಗೈ ಚಾಚಿದಳು.

"ಜೇಬಲ್ಲಿರೋದೂ ಬರ್ಲಿ. ಅದಕ್ಕೊಂದು ಹೂವು ಬೇಡ್ವಾ?"

ಕೊಟ್ಟೆ. ಅದರ ಮೇಲೂ ಒಂದು ಸೇವಂತಿಗೆ ಬಿತ್ತು.

ಊಟವಾಯಿತು. ಮಳೆ ಹಿಡಿಯಿತು. ಬಾಗಿಲ ಮುಂದೆ ಒಡೆದ ಬೂದುಗುಂಬಳಕಾಯಿಯ ಕುಂಕುಮ ಚರಂಡಿಯ ಕಡೆಗೆ ಹರಿಯುತ್ತಿತ್ತು. ಹೆಂಡತಿ ಕೊಡೆ ಹಿಡಿದು ಎದುರುಮನೆಗೆ ಗೊಂಬೆ ನೋಡಲು ಹೋದಳು. ಅಂಗಡಿಗಳೆಲ್ಲ ಮುಚ್ಚಿದ್ದವು, ಲಾರಿಗಳಿಲ್ಲ, ಬೀದಿಯಲ್ಲಿ ಹೂಹಾರ ತೊಟ್ಟ ತಳ್ಳುಗಾಡಿಯೊಂದು ನೆನೆಯುತ್ತಾ ನಿಂತಿತ್ತು. ನಾನು ಜಗಲಿಗೆ ಹೋದೆ, ಒಳಗೆ ಬಂದೆ. ಕೂತೆ, ಎದ್ದೆ. ಪತ್ರಿಕೆ ತೆಗೆದೆ, ಮಡಚಿದೆ. ಕಿಟಕಿಯ ತಿರುಪೊಂದು ಸಡಿಲವಾಗಿರುವುದು ಕಂಡು ಕೈ ಜೇಬಿಗೆ ಹೋಯಿತು, ಜೇಬು ಖಾಲಿ. ಉಗುರಿನಿಂದ ತಿರುಗಿಸಲು ನೋಡಿ ಉಗುರು ಮುರಿದುಕೊಂಡೆ. ಕೊನೆಗೆ ಹಜಾರದ ಕುರ್ಚಿಯಲ್ಲಿ ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂತೆ. ಈ ಮನೆಯಲ್ಲಿ ಯಾವಾಗಲೂ ಒಂದು ಸದ್ದು ಇರುತ್ತದೆ, ನನ್ನ ಸುತ್ತಿಗೆಯದು ಇಲ್ಲವೇ ಅವಳ ಯಂತ್ರದ್ದು. ಅಂದು ಎರಡೂ ಹೂವಿನಡಿ ಇದ್ದವು.

ಆಗ ಕೇಳಿಸಿತು. ಟೊಣ್.

ಸ್ವಲ್ಪ ಬಿಟ್ಟು ಮತ್ತೆ, ಟೊಣ್. ಹಿತ್ತಾಳೆಯ ಸದ್ದು.

ಎದ್ದು ಅಡುಗೆಮನೆ ದಾಟಿ, ನನಗೆ ನಿಷೇಧವಿದ್ದ ಹೊಸಿಲಿನಲ್ಲಿ ನಿಂತು ದೀಪ ಹಾಕಿದೆ. ಕೋಣೆಯ ನಡುವೆ ಸ್ಟೂಲಿನ ಮೇಲೆ ಕೊಳದಪ್ಪಲೆ ಇತ್ತು. ಮುಕ್ಕಾಲು ತುಂಬಿತ್ತು, ಹನಿ ಅದರ ಅಂಚಿಗೆ ಬಡಿದು ಚಿಮ್ಮುತ್ತಿತ್ತು. ನೆಲದ ಮೇಲೆ ನಮ್ಮ ಹಳೇ ಹೊದಿಕೆಯನ್ನು ನೀಟಾಗಿ ಮಡಚಿ ಹಾಸಿದ್ದಳು, ಚಿಮ್ಮಿದ ನೀರಿಗೆ. ಅಕ್ಕಿ ಬೇಳೆಯ ಡಬ್ಬಗಳೆಲ್ಲ ಗೋಡೆಗೆ ಒತ್ತಿಕೊಂಡಿದ್ದವು. ತಲೆಯೆತ್ತಿದೆ. ಹಜಾರದ ಕಡೆಯಿಂದ ಬರುವ ತೊಲೆಯ ಉದ್ದಕ್ಕೂ ಕಪ್ಪು ಒದ್ದೆಯ ಗೆರೆ. ನನ್ನ ಸಿಮೆಂಟಿನಡಿ ಹೊಕ್ಕ ನೀರು ಇಲ್ಲಿಯವರೆಗೆ ನಡೆದು ಬಂದಿತ್ತು. ನಾನು ಸೋರುವುದನ್ನು ನಿಲ್ಲಿಸಿರಲಿಲ್ಲ, ನನ್ನ ಕಣ್ಣಿಗೆ ಬೀಳದ ಕಡೆಗೆ ಕಳಿಸಿದ್ದೆ. ಮೊದಲು ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಆಮೇಲೆ ನಾಚಿಕೆಯಾಯಿತು. ಅವಳು ಕೇಳಿದ್ದು ಒಂದು ಒಣಗಿದ ಮನೆ.

ಬಾಗಿಲ ಸದ್ದಾಯಿತು. ಕೈಯಲ್ಲಿ ತಾಂಬೂಲ ಹಿಡಿದು ಬಂದವಳು ನನ್ನನ್ನು ಆ ಹೊಸಿಲಿನಲ್ಲಿ ನೋಡಿ ಅಲ್ಲೇ ನಿಂತಳು.

"ಯಾವಾಗಿಂದ?" ಎಂದೆ.

"ಮೊದಲನೇ ಮಳೆಯಿಂದ."

"ಹೇಳ್ಬಾರ್ದಾಗಿತ್ತಾ? ಗೆದ್ದಿದ್ದೆಯಲ್ಲೇ ನೀನು. ಇಷ್ಟು ಹೊತ್ತಿಗೆ ವಿಜಯನಗರದಲ್ಲಿ ಇರ್ತಿದ್ವಿ."

ತಾಂಬೂಲವನ್ನು ಅಕ್ಕಿ ಡಬ್ಬದ ಮೇಲಿಟ್ಟಳು. ಸೆರಗಿನ ತುದಿಯಿಂದ ಮುಖದ ಮಳೆ ನೀರು ಒರೆಸಿಕೊಂಡಳು.

"ಗೆದ್ದು ಏನ್ ಮಾಡ್ಲಿ? ಅವತ್ತು ಆ ಮನೇಲಿ ನಿಮ್ಮ ಮುಖ ನೋಡ್ಬುಟ್ಟೆ ಕಣ್ರೀ. ಒಂದು ಕೊಳಾಯಿನಾದ್ರೂ ಕೆಟ್ಟಿದ್ಯಾ ಅಂತ ಹುಡುಕ್ತಿದ್ರಿ. ಆಮೇಲೆ ಹೋಗಿ ಸ್ಕೂಟರ್ ಹತ್ರ ಕೈ ಕಟ್ಕೊಂಡು ನಿಂತ್ಬುಟ್ರಿ. ನೀವು ಕೈ ಕಟ್ಕೊಂಡಿದ್ದನ್ನ ನಾನು ಮದುವೆಯಾದಾಗಿಂದ ನೋಡಿರ್ಲಿಲ್ಲ. ಒಣಗಿದ ಮನೆ ಬೇಕಿತ್ತು, ನಿಜ. ನಿಮ್ಮನ್ನ ದಿನಾ ಹಂಗೆ ನೋಡ್ಕೊಂಡು ಅಲ್ಲಿ ನಾನು ಹೆಂಗಿರ್ಲಿ?"

ಇಷ್ಟು ದಿನ ನಾನು ತಾರಸಿ ಕಾಯುತ್ತಿದ್ದೇನೆಂದು ಓಡಾಡಿದೆ, ಅವಳು ನನ್ನನ್ನು ಕಾಯುತ್ತಿದ್ದಳು. ಕೊನೆಗೆ, "ಮಾತು ಮಾತೇ. ಹೋಗೋಣ ಕಣೇ" ಎಂದೆ. ಆ ಕ್ಷಣ ನಿಜವಾಗಿಯೂ ಹೋಗಲು ಸಿದ್ಧನಿದ್ದೆ.

"ಮೊದ್ಲು ಆ ತಪ್ಪಲೆ ನೋಡಿ, ತುಂಬಿ ಹರಿಯುತ್ತೆ" ಎಂದಳು.

ಎತ್ತಿಕೊಂಡು ಹೋಗಿ ಬಚ್ಚಲಿಗೆ ಚೆಲ್ಲಿದೆ. ವಾಪಸು ಬಂದು ನೆಲದ ಹೊದಿಕೆ ಎತ್ತಿದೆ. ಅದಕ್ಕೆ ಯಾರೂ ಕುಂಕುಮ ಇಟ್ಟಿರಲಿಲ್ಲ, ಅಂದು ನಾನು ಮುಟ್ಟಬಹುದಾದ ಸಲಕರಣೆ ಅದೊಂದೇ. ನೀರು ಕುಡಿದು ಕಲ್ಲಿನಷ್ಟು ಭಾರವಾಗಿತ್ತು. ಹಿಂಡಲು ಹೋದೆ, ಅರ್ಧ ನೀರು ನನ್ನ ಪಂಚೆಯ ಮೇಲೆ ಸುರಿಯಿತು, ಇನ್ನರ್ಧ ಬಟ್ಟೆಯಲ್ಲೇ ಉಳಿಯಿತು. ಅವಳು ನಕ್ಕುಬಿಟ್ಟಳು.

"ಒಬ್ರೇ ಆಗಲ್ಲ ಅದು. ಕೊಡಿ ಇಲ್ಲಿ ಆ ತುದಿ."

ಬಚ್ಚಲಿನಲ್ಲಿ ಎದುರುಬದುರು ನಿಂತು ಹಿಂಡಿದೆವು. ಹಿಂಡುತ್ತಲೇ ಅವಳು ತನ್ನ ತೀರ್ಮಾನ ಹೇಳಿದಳು. ಹಬ್ಬ ಕಳೆದ ಮೇಲೆ ತಂಗಿಗೆ ಫೋನ್ ಮಾಡಿ ಆ ಮನೆ ಬೇಡವೆನ್ನಬೇಕು. ಸಿಮೆಂಟೆಲ್ಲ ಕೆತ್ತಿ ತೆಗೆಯಬೇಕು. ಸುಣ್ಣ ತಂದು ನೆನೆಹಾಕಬೇಕು. ಅದು ನೆನೆಯುವವರೆಗೆ ನಾನು ತೊಟ್ಟಿಯ ಹತ್ತಿರ ಸುಳಿಯಬಾರದು.

"ಎಷ್ಟು ದಿನ ಆಗುತ್ತೋ ಆಗ್ಲಿ. ಅಲ್ಲೀ ತನಕ ಮಳೆ ಬಂದ್ರೆ ಒರೆಸೋದು ನೀವು."

"ಆಗ್ಲಿ" ಎಂದೆ.

ಬಟ್ಟೆಯನ್ನು ಇನ್ನೊಂದು ಸುತ್ತು ತಿರುಗಿಸಿದಾಗ ಅವಳ ಹುಬ್ಬು ಗಂಟಾಯಿತು. ಮಣಿಕಟ್ಟು ನೋಯುತ್ತದೆಂದು ಅವಳು ಎಷ್ಟು ಮಳೆಗಾಲಗಳಿಂದ ಹೇಳುತ್ತಿದ್ದಳೋ, ನಾನು ಪ್ರತಿ ಸಲ ಏಣಿಯ ಮೇಲಿನಿಂದಲೇ ಕೇಳಿಸಿಕೊಂಡಿದ್ದೆ. ಆ ನೋವು ಸರಿಯಾಗಿ ಎಲ್ಲಿ ಕೂರುತ್ತದೆಂದು ಅಂದು ನನ್ನ ಮಣಿಕಟ್ಟಿಗೂ ತಿಳಿಯಿತು. ಅವಳ ಕೈಯಿಂದ ಆ ತುದಿಯನ್ನು ಬಿಡಿಸಿಕೊಂಡು ಕೊಳಾಯಿಯ ತಲೆಗೆ ಸಿಕ್ಕಿಸಿ, ಮಿಕ್ಕಿದ್ದನ್ನು ಒಬ್ಬನೇ ಹಿಂಡಿದೆ. ಆಮೇಲೆ ಒಳಗೆ ಹೋಗಿ ತಪ್ಪಲೆಯನ್ನು ಹನಿ ಬೀಳುವ ಜಾಗಕ್ಕೆ ಸರಿಯಾಗಿ ಇಟ್ಟು, ಅದರ ಪಕ್ಕದಲ್ಲೇ ನೆಲದ ಮೇಲೆ ಕೂತೆ.